ಖಂಡೆಪೂಜೆಯ ತಟ್ಟೆಯಲ್ಲಿ ಉಳಿದ ನಿಬ್ಬುಗಳು

ನವಮಿಯ ದಿನ ನಮ್ಮ ಮನೆಯವರು ಅಂಗಡಿಯಿಂದ ಮಧ್ಯಾಹ್ನವೇ ಬಂದರು. ಗೋಕಾಕದಲ್ಲಿ ಕೋರ್ಟಿನ ಹತ್ತಿರ ಅವರದು ಪೆನ್ನು ರಿಪೇರಿಯ ಸಣ್ಣ ಅಂಗಡಿ. ಶಾಯಿ ಪೆನ್ನು ಹಿಡಿಯುವವರು ಈಗ ಕಡಿಮೆ. ಆದರೂ ವಕೀಲರು, ಹಳೆಯ ಮಾಸ್ತರರು, ಟ್ರಂಕಿನಲ್ಲಿ ಅಪ್ಪನ ಪೆನ್ನು ಸಿಕ್ಕಿತು ಎಂದು ತರುವವರು ಇದ್ದೇ ಇರುತ್ತಾರೆ. ಅಂಥ ಪೆನ್ನುಗಳನ್ನೆಲ್ಲ ಒಂದು ಕೈಚೀಲದಲ್ಲಿ ತುಂಬಿಕೊಂಡು ಬಂದಿದ್ದರು. ಪಡಸಾಲೆಯಲ್ಲಿ ಕುಳಿತು ಒಂದೊಂದರ ನಿಬ್ಬು ಕಿತ್ತು, ತೊಳೆದು, ತಟ್ಟೆಯಲ್ಲಿ ಹಾಸಿದ ವೀಳ್ಯದೆಲೆಯ ಮೇಲೆ ಸಾಲಾಗಿ ಇಡತೊಡಗಿದರು. ಪ್ರತಿ ವರ್ಷ ಖಂಡೆಪೂಜೆಗೆ, ಅಂದರೆ ಆಯುಧಪೂಜೆಗೆ, ಅವರು ಹೀಗೇ ಮಾಡುತ್ತಿದ್ದರು.

"ಗಿರಾಕಿಗಳ ನಿಬ್ಬ ಯಾಕ ತಂದ್ರಿ? ನಿಮ್ಮ ಇಕ್ಕಳ, ಕಾನಸ ಇಟ್ರ ಸಾಕಾಗೂದಿಲ್ಲೇನು?" ಅಂದೆ.

"ಗಿರಾಕಿದಾದ್ರೇನು, ಈಗ ನನ್ನ ಕೈಯಾಗ ಐತಿ. ಅವರೇನ ಪೂಜಿ ಮಾಡಾಕ ಬರ್ತಾರ?"

"ಹಂಗಾದ್ರ ಪೆನ್ನ ಸಹಿತ ಇಡ್ರಿ. ಯಾಕ ಕೀಳ್ತೀರಿ?"

"ಟೊಪ್ಪಿಗಿ ಹಾಕ್ಕೊಂಡು ಒಳಗ ಕುಂತ್ರ ದೇವಿಗೆ ಕಾಣೂದ ಹೆಂಗ?"

ಒಳಗಿನಿಂದ ಅತ್ತೆ ಕೂಗಿದರು. "ದೇವಿಗೇನ ನಿನ್ನಂಗ ಚಾಳೀಸ ಬಂದಿಲ್ಲಪಾ. ಕಾಣತೈತಿ ಆಕಿಗೆ."

ಅವರು ನಕ್ಕರು. ಚಾಳೀಸು ಮೂಗಿನ ಮೇಲೆ ಸರಿ ಮಾಡಿಕೊಂಡು ಒಂದು ನಿಬ್ಬನ್ನು ಬೆಳಕಿಗೆ ಹಿಡಿದು ನನಗೆ ತೋರಿಸಿದರು. "ಇದು ಮಸಗುಪ್ಪಿ ಅಜ್ಜಾರದು. ತೊಳಿಯಾಕ ಕೊಟ್ಟಾರ. ಹಬ್ಬ ಆದ ಮ್ಯಾಲ ಒಯ್ತಾರ."

ಆ ಅಜ್ಜ ಕುರಿ ಕಾಯುವ ಮನೆತನದವರು. ಗಂಟಲಿಗೆ ಆಪರೇಶನ್ ಆಗಿ ದನಿ ಹೋಗಿತ್ತು. ಅದೇ ಆಪರೇಶನ್ನಿನಲ್ಲಿ ಬಲಗೈಯ ಕಸುವೂ ಹೋಗಿ, ತೋಳು ಎತ್ತಲಿಕ್ಕೆ ಬರುತ್ತಿರಲಿಲ್ಲ. ಏನು ಹೇಳುವುದಿದ್ದರೂ ಬರೆದೇ ಹೇಳಬೇಕು. ಬಾಲ್ ಪೆನ್ನು ಒತ್ತಲು ಕೈ ಕೇಳುವುದಿಲ್ಲ. ಪೆನ್ನನ್ನು ನೆಟ್ಟಗೆ ನಿಲ್ಲಿಸಲೂ ಆಗುವುದಿಲ್ಲ, ಹಾಳೆಯ ಮೇಲೆ ಹೆಚ್ಚುಕಡಿಮೆ ಮಲಗಿಸಿ ಎಳೆಯುತ್ತಾರೆ. ನಿಬ್ಬಿನ ತುದಿಯಲ್ಲಿ ಗಟ್ಟಿ ಲೋಹದ ಒಂದು ಮಣಿ ಇರುತ್ತದೆ, ಸಾಸಿವೆಗಿಂತ ಎಷ್ಟೋ ಸಣ್ಣದು. ನಡುವೆ ಸೀಳು ಇರುವುದರಿಂದ ಅದೂ ಎರಡು ಹೋಳಾಗಿರುತ್ತದೆ. ಕಾಗದಕ್ಕೆ ತಾಗುವುದು ಅದೊಂದೇ. ನಮ್ಮ ಮನೆಯವರು ಆ ಮಣಿಯ ಹೊಟ್ಟೆಯನ್ನು ಉಜ್ಜಿ ಉಜ್ಜಿ, ಮಲಗಿಸಿ ಹಿಡಿದರೂ ಬರೆಯುವಂತೆ ಮಾಡಿ ಕೊಟ್ಟಿದ್ದರು. ಗಿರಾಕಿಯ ಸಾಮಾನಿನ ಮೇಲೆ ಮೊದಲ ಕೈ ಇಡಬಾರದು ಅನ್ನುವುದು ಅವರ ಪದ್ಧತಿ. ಹಾಗಾಗಿ ಅಜ್ಜನ ನಿಬ್ಬು ಮುಟ್ಟುವ ಮೊದಲು, ಅದೇ ಜಾತಿಯ ತಮ್ಮ ಪೆನ್ನಿನ ನಿಬ್ಬನ್ನು ಹಾಗೇ ಉಜ್ಜಿ ನೋಡಿದ್ದರು. ಅಂದಿನಿಂದ ಅವರೂ ಪೆನ್ನು ಮಲಗಿಸಿಯೇ ಬರೆಯುತ್ತಿದ್ದರು. ಆ ಎರಡು ನಿಬ್ಬುಗಳನ್ನು ತಟ್ಟೆಯ ನಡುವೆ ಜೋಡಿಯಾಗಿ ಇಟ್ಟರು.

ತಟ್ಟೆಯನ್ನು ಘಟ್ಟದ ಮುಂದೆ ಇಟ್ಟೆವು. ನವರಾತ್ರಿಗೆ ಮಣ್ಣಿನಲ್ಲಿ ಕಾಳು ಬಿತ್ತಿ, ಮೇಲೆ ಕೊಡ ಇಟ್ಟು, ದಿನಾ ನೀರು ಹಾಕಿದ ಘಟ್ಟ ಅದು. ಸಸಿ ಗೇಣುದ್ದ ಬೆಳೆದಿತ್ತು. ಅತ್ತೆ ಕುಂಕುಮ, ಭಂಡಾರ ಹಚ್ಚಿದರು. ನಿಂಬೆಹಣ್ಣು ಹೋಳು ಮಾಡಿ ಎರಡೂ ಕಡೆ ಇಟ್ಟರು. ಕಾಯಿ ಒಡೆದು ಅದರ ನೀರನ್ನು ಇಕ್ಕಳ, ಲೋಹ ಉಜ್ಜುವ ಕಾನಸು, ನಿಬ್ಬು ಎಲ್ಲದರ ಮೇಲೆ ಚಿಮುಕಿಸಿದರು. ಆಮೇಲೆ ದಶಮಿಯ ಬೆಳಿಗ್ಗೆ ಪೂಜೆಯಾಗುವ ತನಕ ಆಯುಧ ಮುಟ್ಟುವ ಹಾಗಿಲ್ಲ. ದಶಮಿಯ ದಿನ ಚಹಾ ಕುಡಿಯುವ ಮೊದಲೇ ಅವರು ಒಂದೊಂದು ನಿಬ್ಬನ್ನೂ ಹಳೆಯ ಧೋತರದ ತುಂಡಿನಲ್ಲಿ ಒರೆಸಿ, ಬಾಯಿಂದ ಗಾಳಿ ಊದಿ ಒಣಗಿಸುತ್ತಿದ್ದರು. ಆನಂತರವೇ ಬನ್ನಿ ತರಲು ಹೋಗುವುದು.

ಆ ದಶಮಿಯ ಬೆಳಿಗ್ಗೆ ಅವರು ಮುಖ ತೊಳೆದುಕೊಂಡು ಬಂದು ಕಟ್ಟೆಯ ಮೇಲೆ ಕುಳಿತರು. "ಎದಿ ಹಿಡದಂಗ ಆಗಾಕತ್ತೈತಿ, ನೀರ ಕೊಡು" ಅಂದರು. ಕುಡಿದು ಲೋಟ ಕೆಳಗಿಟ್ಟರು. ಆಟೋ ದವಾಖಾನೆ ಮುಟ್ಟುವ ಮೊದಲೇ ಎಲ್ಲ ಮುಗಿಯಿತು.

ದೇವರ ಕೋಣೆಯ ಬಾಗಿಲು ಯಾರು ಹಾಕಿದರೋ ನನಗೆ ತಿಳಿಯದು. ಸೂತಕದ ಮನೆಯಲ್ಲಿ ಅದನ್ನು ತೆರೆಯುವುದಿಲ್ಲ. ಬಂದವರು, ಹೋದವರು, ಅಡುಗೆ ಮಾಡಿ ತಂದುಕೊಟ್ಟವರು, ಎಲ್ಲರೂ ಆ ಬಾಗಿಲ ಮುಂದೆಯೇ ಓಡಾಡಿದರು. ಒಳಗೆ ತಟ್ಟೆ ಇದೆ ಎಂದು ಯಾರಿಗೂ ಹೊಳೆಯಲಿಲ್ಲ. ಹೊಳೆದಿದ್ದರೂ ಯಾರೂ ಮುಟ್ಟುತ್ತಿರಲಿಲ್ಲ.

ಸೂತಕ ಕಳೆದ ದಿನ ಮನೆ ತೊಳೆದು ಅತ್ತೆ ಬಾಗಿಲು ತೆರೆದರು. ಘಟ್ಟದ ಸಸಿ ಹಳದಿಯಾಗಿ, ಬಾಗಿ ತಟ್ಟೆಯ ಮೇಲೆ ಬಿದ್ದಿತ್ತು. ನಿಂಬೆಯ ಹೋಳು ಬೂಸ್ಟು ಹಿಡಿದಿದ್ದವು. ವೀಳ್ಯದೆಲೆ ಕೊಳೆತು ನಿಬ್ಬುಗಳಿಗೆ ಅಂಟಿತ್ತು. ಮೇಲೆ ಕೆಂಪಗೆ ಕಂಡದ್ದನ್ನು ನಾನು ಕುಂಕುಮ ಅಂದುಕೊಂಡು ಸೆರಗಿನಿಂದ ಒರೆಸಿದೆ. ಸ್ವಲ್ಪ ಹೋಯಿತು. ಉಳಿದದ್ದು ಹೋಗಲಿಲ್ಲ.

ಅತ್ತೆ ನನ್ನ ಪಕ್ಕದಲ್ಲಿ ಕುಳಿತು ನೋಡಿದರು. "ಕಾಯಿ ನೀರ ಹಾಕಿದ್ದ ನಾನ" ಅಂದರು.

"ವರ್ಷಾ ವರ್ಷಾ ಹಾಕ್ತಿದ್ರಿ ಅತ್ತಿ. ಒರಸವ್ರು ಇದ್ರು."

ಇಬ್ಬರೂ ನಿಬ್ಬುಗಳನ್ನು ಎಲೆಯಿಂದ ಬಿಡಿಸತೊಡಗಿದೆವು.

ಬಂಗಾರದ ನಿಬ್ಬುಗಳಿಗೆ ಏನೂ ಆಗಿರಲಿಲ್ಲ. ತಣ್ಣೀರಿನಲ್ಲಿ ತೊಳೆದರೆ ಮುಗಿಯಿತು. ಉಕ್ಕಿನವಕ್ಕೆಲ್ಲ ತುಕ್ಕು ಹಿಡಿದಿತ್ತು. ಅವುಗಳಲ್ಲಿ ಹೆಚ್ಚಿನವು ಪೇಟೆಯಲ್ಲಿ ಸಿಗುವಂಥವು, ಅಂಗಡಿಯ ಡಬ್ಬಿಯಲ್ಲೇ ಅಂಥ ಹೊಸ ನಿಬ್ಬು ಇದ್ದವು. ಬದಲಿ ಹಾಕಿ ಕೊಟ್ಟರೆ ಗಿರಾಕಿಗಳು ಬೇಡ ಅನ್ನುವವರಲ್ಲ. ಹಾಗೆ ಉಜ್ಜಿದ ಅಜ್ಜನದಕ್ಕೆ ಮಾತ್ರ ಬದಲಿ ಇರಲಿಲ್ಲ.

ಅಜ್ಜ ಅದೇ ವಾರ ಬಂದರು. ಅಂಗಡಿ ಮುಚ್ಚಿದ್ದು ಕಂಡು, ಬಾಜೂ ಅಂಗಡಿಯಲ್ಲಿ ಕೇಳಿ ತಿಳಿದುಕೊಂಡು ಮನೆಗೇ ಬಂದಿದ್ದರು. ಜೊತೆಗೆ ಅವರ ಹೆಂಡತಿ. ಆಯಿಗೆ ಓದಲು ಬರುವುದಿಲ್ಲ. ಅಜ್ಜ ಬರೆದದ್ದನ್ನು ಎದುರಿಗೆ ಯಾರಿದ್ದಾರೋ ಅವರಿಂದ ಓದಿಸಿಕೊಳ್ಳುತ್ತಾರೆ. ಬಸ್ಸಿನಲ್ಲಿ ಕಂಡಕ್ಟರನಿಂದಲೂ ಓದಿಸಿದ್ದಾರಂತೆ.

ಅಜ್ಜ ಚೀಲದಿಂದ ಮೊಮ್ಮಕ್ಕಳ ಚಿತ್ರದ ಪುಸ್ತಕ, ಒಂದು ಸ್ಕೆಚ್ ಪೆನ್ನು ತೆಗೆದರು. ಪೆನ್ನನ್ನು ಮಲಗಿಸಿ, ತೋಳನ್ನು ಎಡಗೈಯಿಂದ ದೂಡುತ್ತ ಬರೆದರು. ಒಂದು ಪುಟ ಪೂರ್ತಿ ತುಂಬಿತು. ನನ್ನ ಕಡೆ ತಿರುಗಿಸಿದರು. "ಪೆನ್ನ ಕೇಳಾಕ ಬಂದಿಲ್ಲ" ಎಂದಿತ್ತು.

"ಏನ ಬರದಾರ್ರಿ ಯವ್ವಾ?" ಆಯಿ ಕೇಳಿದರು. ಓದಿ ಹೇಳಿದೆ. "ಹೌದು, ಕೇಳಾಕ ಬಂದಿಲ್ಲ. ಆದ್ರ ನೋಡ್ರಿ ಇವರ ಅವತಾರ. ಗ್ವಾಡಿಗೆ ಬಣ್ಣಾ ಬಳದಂಗ ಬಳೀತಾರ. ಒಂದ ಹಾಳಿಗೆ ನಾಕ ಮಾತು. ಮೊದ್ಲ ಆ ಪೆನ್ನಿಲೆ ಎಷ್ಟ ಬರೀತಿದ್ರು ಅಂತೀರಿ. ನನಗ ಬೈಯೂದ ಆದ್ರೂ ಒಂದ ಹಾಳಿ ಎರಡೂ ಕಡೆ ಬೈತಿದ್ರು. ದನಿ ಹೋಗೈತ್ರಿ ಇವರದು, ಬಾಯಿ ಹೋಗಿರಲಿಲ್ಲ."

ಅಜ್ಜ ತಲೆ ತಗ್ಗಿಸಿ ನಕ್ಕರು, ಸದ್ದಿಲ್ಲದೆ.

ನಾನು ಅಂಗಡಿಯಿಂದ ತರಿಸಿಟ್ಟಿದ್ದ ಒಂದು ಹೊಸ ನಿಬ್ಬನ್ನು ಅವರ ಪೆನ್ನಿಗೆ ಹಾಕಿ, ಶಾಯಿ ತುಂಬಿ ಕೊಟ್ಟೆ. ಮಲಗಿಸಿ ಎಳೆದರು. ಬಿಳಿಯ ಗೀರು ಬಿತ್ತು, ಶಾಯಿ ಬೀಳಲಿಲ್ಲ. ಇನ್ನೊಮ್ಮೆ ಎಳೆದರು, ಕಾಗದ ಹರಿಯಿತು. ಪೆನ್ನಿಗೆ ಟೊಪ್ಪಿಗೆ ಹಾಕಿ ನನ್ನ ಕೈಗೇ ಕೊಟ್ಟರು. ನಾನು ತಟ್ಟೆಯ ಸಂಗತಿ ಹೇಳಿದೆ. "ಆ ನಿಬ್ಬ ಸ್ವಚ್ಛ ಮಾಡಿ ನೋಡ್ತೇನ್ರಿ. ಆಗತೈತೋ ಇಲ್ಲೋ ಗೊತ್ತಿಲ್ಲ" ಅಂದೆ. ಅಜ್ಜ ಎಡಗೈ ಎದೆಗೆ ಹಚ್ಚಿ ತಲೆ ಬಾಗಿಸಿದರು.

ಮಾತು ಕೊಟ್ಟೆ, ಆದರೆ ಕೆಲಸ ನನಗೆ ಪೂರ್ತಿ ಬರುತ್ತಿರಲಿಲ್ಲ. ನಿಬ್ಬು ತೊಳೆಯುವುದು, ಒಣಗಿಸುವುದು, ಹಳೆಯ ಶಾಯಿ ನೆನೆಹಾಕಿ ಬಿಡಿಸುವುದು ಇಷ್ಟು ವರ್ಷ ಮನೆಯಲ್ಲಿ ನಾನೇ ಮಾಡುತ್ತಿದ್ದೆ. ಉಜ್ಜುವುದು, ಸೀಳು ಸರಿಮಾಡುವುದು ಅವರದು. ನೋಡಿದ್ದೆ, ಮಾಡಿರಲಿಲ್ಲ.

ಮೊದಲು ಜೋಡಿಯಲ್ಲಿ ಅಜ್ಜನದು ಯಾವುದು ಎಂದು ತಿಳಿಯಬೇಕಿತ್ತು. ತುಕ್ಕಿನಲ್ಲಿ ಎರಡೂ ಒಂದೇ ಆಗಿದ್ದವು. ಗಿರಾಕಿಯ ನಿಬ್ಬಿನ ಬಾಲಕ್ಕೆ, ಪೆನ್ನಿನೊಳಗೆ ಹೋಗುವ ಭಾಗಕ್ಕೆ, ಅವರು ಸೂಜಿಯಿಂದ ಗುರುತು ಗೀಚುತ್ತಿದ್ದರು. ಅಲ್ಲಿ ಏನಾದರೂ ಬರವಣಿಗೆಗೆ ತೊಂದರೆ ಇಲ್ಲ. ಆದ್ದರಿಂದ ಅಲ್ಲಿಂದಲೇ ಶುರು ಮಾಡಿದೆ. ಸೋಪಿನ ನೀರಿನಲ್ಲಿ ನೆನೆಸಿ, ಹಿತ್ತಾಳೆ ತಂತಿಯ ಬ್ರಶ್ಶಿನಿಂದ ಬಾಲ ತಿಕ್ಕಿದೆ. ಒಂದರಲ್ಲಿ ಅಡ್ಡಗೆರೆ ಕಂಡಿತು. ಇನ್ನೊಂದು ಖಾಲಿ. ಖಾಲಿಯದು ನಮ್ಮ ಮನೆಯವರದು. ಅದನ್ನು ಬೇರೆ ಬಟ್ಟೆಯಲ್ಲಿ ಕಟ್ಟಿ ಇಟ್ಟೆ.

ಮುಂದಿನ ಕೆಲಸವನ್ನು ಕೆಟ್ಟರೂ ಪರವಾಗಿಲ್ಲದ ಒಂದು ನಿಬ್ಬಿನ ಮೇಲೆ ನೋಡಿದೆ. ತಾಮ್ರದ ಕೊಡ ನಾವು ಹುಳಿಯಿಂದ ತೊಳೆಯುತ್ತೇವೆ, ಆ ರೂಢಿಯಂತೆ ನಿಂಬೆರಸದಲ್ಲಿ ಹಾಕಿದೆ. ನಿಂಬೆ ತಾಗಿಯೇ ಹಾಳಾದದ್ದಕ್ಕೆ ಮತ್ತೆ ನಿಂಬೆಯೇ ಎಂದು ಆಗ ಅನ್ನಿಸಲಿಲ್ಲ. ಕೆಂಪು ಬೇಗನೆ ಹೋಯಿತು, ಖುಷಿಯಾಯಿತು. ಒಣಗುವಷ್ಟರಲ್ಲಿ ಉಕ್ಕು ಕಪ್ಪಗಾಗಿ, ಮೇಲಿನ ಹೊಳಪಿನ ಲೇಪ ಹೊಟ್ಟಿನ ಹಾಗೆ ಎದ್ದಿತು. ಮಣಿಗೆ ತುಕ್ಕು ಹಿಡಿಯುವುದಿಲ್ಲ, ಅದು ಬೇರೆ ಲೋಹ. ಅದನ್ನು ಬೆಸೆದ ಬುಡ ಮಾತ್ರ ಉಕ್ಕು. ಹುಳಿ ಆ ಬುಡವನ್ನು ತಿಂದಿತ್ತು. ಉಗುರಿನಿಂದ ಮುಟ್ಟಿದರೆ ಮಣಿ ಉದುರಿತು. ಅಜ್ಜನ ನಿಬ್ಬಿನಲ್ಲಿ ನಮ್ಮ ಮನೆಯವರ ಕೆಲಸ ಇದ್ದದ್ದು ಆ ಮಣಿಯೊಂದರಲ್ಲೇ. ಅದು ಉದುರಿದರೆ ಉಳಿಯುವುದು ಬರೀ ತಗಡು.

ಅಷ್ಟರಲ್ಲಿ ಅಣ್ಣ ನನ್ನನ್ನು ತವರಿಗೆ ಕರೆದೊಯ್ಯಲು ಬಂದ. ನನ್ನ ತವರು ಹುಕ್ಕೇರಿ. ನಿಬ್ಬಿನ ಡಬ್ಬಿಯನ್ನೂ ಬಟ್ಟೆಯ ಚೀಲದಲ್ಲಿ ಹಾಕಿಕೊಂಡೆ. ಹುಕ್ಕೇರಿಯಲ್ಲಿ ಗಡಿಯಾರ ರಿಪೇರಿಯ ಕಾಕಾ ಒಬ್ಬರಿದ್ದಾರೆ. ನಮ್ಮ ಮನೆಯವರು ಸಣ್ಣ ಕಾನಸು, ತಗಡು ಬೇಕಾದಾಗ ಅವರ ಹತ್ತಿರ ಹೋಗುತ್ತಿದ್ದರು. ಈಗ ಕಾಕಾನ ಅಂಗಡಿಯಲ್ಲಿ ಅರ್ಧ ಮೊಬೈಲಿನ ಕವರುಗಳು. ನನ್ನನ್ನು ಕಂಡು ಎದ್ದು ನಿಂತರು, ಕುರ್ಚಿ ಸರಿಸಿದರು. ಡಬ್ಬಿ ಕೊಟ್ಟೆ. ಸಣ್ಣದನ್ನು ದೊಡ್ಡದಾಗಿ ತೋರಿಸುವ, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭಿಂಗ ಹಾಕಿಕೊಂಡು ಬಹಳ ಹೊತ್ತು ನೋಡಿದರು.

"ತಂಗಿ, ಇದಕ್ಕ ಇನ್ನ ಹುಳಿ ತೋರಿಸಬ್ಯಾಡ. ತುಕ್ಕ ಯಾವುದು, ಉಕ್ಕ ಯಾವುದು ಅಂತ ಹುಳಿಗೆ ತಿಳಿಯೂದಿಲ್ಲ. ಗಡಿಯಾರದ ಎಣ್ಣಿ ಕೊಡ್ತೇನಿ. ಮುಳುಗಿಸಿ ಇಡು."

"ಎಷ್ಟ ದಿನಾರಿ ಕಾಕಾ?"

"ಅದು ಬಿಡೂತನಕ. ಆಮ್ಯಾಲ ಹಿತ್ತಾಳಿ ತಗಡ ಸೀಳಿನ್ಯಾಗ ಹಾಕಿ ಎಳಿ. ನಿನ್ನ ಗಂಡ ಎಳೀತಿದ್ದನಲ್ಲ, ಹಂಗ."

"ನೀವ ಮಾಡಿಕೊಡಾಕ ಆಗೂದಿಲ್ಲೇನ್ರಿ?"

ಕಾಕಾ ಕೈ ಮುಂದೆ ಚಾಚಿ ತೋರಿಸಿದರು. ಬೆರಳು ನಡುಗುತ್ತಿದ್ದವು. "ನೋಡಾಕ ಬರತೈತಿ, ಮುಟ್ಟಾಕ ಬರೂದಿಲ್ಲ. ಮೊಬೈಲಿಗೆ ಅಂಗಿ ತೊಡಿಸೂದೊಂದ ಉಳದೈತಿ ನನಗ." ಭಿಂಗವನ್ನು ಕಳಚಿ ನನ್ನ ಡಬ್ಬಿಯಲ್ಲಿ ಇಟ್ಟರು. "ಇದನ್ನೂ ಒಯ್ಯಿ."

ತವರಿನಲ್ಲಿ ದಿನವೂ ಒಂದೇ ಕೆಲಸ. ಎಣ್ಣೆಯಿಂದ ನಿಬ್ಬು ತೆಗೆಯುವುದು, ಹತ್ತಿ ಬಟ್ಟೆಯಿಂದ ಒರೆಸುವುದು, ಬಟ್ಟೆಗೆ ಬಂದ ಕಂದು ಬಣ್ಣ ನೋಡುವುದು, ಮತ್ತೆ ಎಣ್ಣೆಗೆ ಹಾಕುವುದು. ಬೇಸರವೂ ಆಗುತ್ತಿರಲಿಲ್ಲ, ಹುರುಪೂ ಇರಲಿಲ್ಲ. ನೋಡಲು ಬಂದ ಓಣಿಯ ಹೆಂಗಸೊಬ್ಬಳು ಬಾಗಿಲಲ್ಲೇ ಅಂದಳು. "ಗಂಡ ಹೋಗಿ ಇನ್ನ ಮಣ್ಣ ಆರಿಲ್ಲ, ಇಕಿ ಕಬ್ಬಣಾ ತಿಕ್ಕೋತ ಕುಂತಾಳಲ್ಲವಾ."

ನನ್ನ ವೈನಿ, ಅಣ್ಣನ ಹೆಂಡತಿ, ಒಳಗಿನಿಂದಲೇ ಉತ್ತರ ಕೊಟ್ಟಳು. "ನೀವೂ ಒಂದ ಹಿಡಕೊಂಡು ತಿಕ್ಕ ಬರ್ರಿ ಅಕ್ಕಾರ. ನಾಲಿಗಿಗೆ ವಿಶ್ರಾಂತಿ ಸಿಗತೈತಿ."

ಎಣ್ಣೆ ತನ್ನ ಕೆಲಸ ಮಾಡಿತು. ಮೇಲಿನ ತುಕ್ಕು ಮೆತ್ತಗಾಗಿ ಪದರು ಪದರಾಗಿ ಬಿಟ್ಟಿತು. ಕೆಳಗೆ ಉಕ್ಕು ಸಿಡುಬಿನ ಕಲೆಯ ಹಾಗೆ ಕುಳಿ ಬಿದ್ದಿತ್ತು, ಅದಕ್ಕೆ ಏನೂ ಮಾಡುವಂತಿಲ್ಲ. ಆದರೆ ಸೀಳಿನೊಳಗೆ, ಅದರಲ್ಲೂ ಮಣಿಯ ಬುಡದಲ್ಲಿ, ತುಕ್ಕು ಗಾರೆ ಹಾಕಿದಂತೆ ಕುಳಿತಿತ್ತು. ಶಾಯಿ ಆ ಸೀಳಿನಲ್ಲೇ ಇಳಿದು ಬರಬೇಕು.

ಗೋಕಾಕಕ್ಕೆ ಮರಳಿ ಬಂದು ಅಂಗಡಿ ತೆರೆದೆ. ಅವರ ಮೇಜು, ಅವರ ದೀಪ. ಕುರ್ಚಿ ನನಗೆ ಎತ್ತರವಾಗಿತ್ತು. ಸೀಳಿಗೆ ಹಿತ್ತಾಳೆ ತಗಡು ಹಾಕುವ ಮೊದಲು ಎಂದಿನಂತೆ ಬೇರೊಂದು ನಿಬ್ಬಿನ ಮೇಲೆ ನೋಡಬೇಕಿತ್ತು. ಪೇಟೆಯ ನಿಬ್ಬುಗಳ ಮೇಲೆ ನೋಡಿದೆ. ಅವುಗಳ ಸೀಳು ಅಗಲ, ತಗಡು ಸಲೀಸಾಗಿ ಹೋಯಿತು, ಏನೂ ತಿಳಿಯಲಿಲ್ಲ. ಅಜ್ಜನ ನಿಬ್ಬಿನ ಸೀಳು ಕೂದಲೆಳೆಯಷ್ಟು. ಅದೇ ಸೀಳು, ಅದೇ ಹಾಗೆ ಉಜ್ಜಿದ ಮಣಿ, ಅದೇ ತಟ್ಟೆಯ ತುಕ್ಕು ಇದ್ದದ್ದು ಇನ್ನೊಂದರಲ್ಲಿ ಮಾತ್ರ.

ಬಟ್ಟೆಯಲ್ಲಿ ಕಟ್ಟಿಟ್ಟದ್ದನ್ನು ಬಿಚ್ಚಿದೆ. ಮತ್ತೆ ಕಟ್ಟಿದೆ. ಆ ದಿನ ಅಂಗಡಿ ಮುಚ್ಚಿ ಮನೆಗೆ ಹೋದೆ. ಮರುದಿನ ಅತ್ತೆಗೆ ಹೇಳಿದೆ. "ಅವರ ನಿಬ್ಬಿನ ಮ್ಯಾಲ ನೋಡಬೇಕಾಗೇತ್ರಿ ಅತ್ತಿ. ಕೆಟ್ರ ಕೆಡತೈತಿ."

ಅತ್ತೆ ಅಕ್ಕಿ ಆರಿಸುತ್ತಿದ್ದರು. "ಅಂವ ಏನ ಮಾಡತಿದ್ದ?" ಅಂದರು.

"ತಮ್ಮದರ ಮ್ಯಾಲ ನೋಡತಿದ್ರು."

"ಮತ್ತೇನ ಕೇಳ್ತಿ."

ಭಿಂಗ ಹಾಕಿಕೊಂಡು, ನಮ್ಮ ಮನೆಯವರ ನಿಬ್ಬಿನ ಸೀಳಿನಲ್ಲಿ ತಗಡು ಇಳಿಸಿ ಹಿಂದಿನಿಂದ ತುದಿಯ ಕಡೆಗೆ ಎಳೆದೆ. ಕಂದು ಪುಡಿ ಬಂತು. ಒರೆಸಿ ಮತ್ತೆ ಎಳೆದೆ. ಮಣಿಯ ಬುಡದ ಹತ್ತಿರ ತಗಡು ನಿಂತಿತು. ಅಲ್ಲಿ ನಿಲ್ಲಿಸಬೇಕಿತ್ತು. ಇನ್ನೊಂದಿಷ್ಟು, ಅಂದುಕೊಂಡು ಎಳೆದೆ. ಟಿಕ್ ಎಂದು ಸಣ್ಣ ಸದ್ದಾಯಿತು. ಭಿಂಗದಲ್ಲಿ ನೋಡಿದರೆ ಮಣಿಯ ಎಡಹೋಳು ಇತ್ತು, ಬಲಹೋಳು ಇರಲಿಲ್ಲ.

ಇಂಥ ಕೆಲಸಕ್ಕೆ ಕೂಡುವಾಗ ಅವರು ಮೇಜಿನ ಅಂಚಿನಿಂದ ಸೊಂಟಕ್ಕೆ ಒಂದು ಬಟ್ಟೆ ಕಟ್ಟಿಕೊಳ್ಳುತ್ತಿದ್ದರು, ಏನು ಸಿಡಿದರೂ ಉಡಿಯಲ್ಲೇ ಬೀಳಲೆಂದು. ಆ ಬಟ್ಟೆ ಮೊಳೆಗೆ ತೂಗಿಯೇ ಇತ್ತು. ನಾನು ಕಟ್ಟಿಕೊಂಡಿರಲಿಲ್ಲ.

ಮೊದಲು ಮೇಜು ಹುಡುಕಿದೆ, ಆಮೇಲೆ ಸೀರೆ ಕೊಡವಿದೆ. ನೆಲದ ಮೇಲೆ ಮೊಣಕಾಲೂರಿ ಒದ್ದೆ ಬೆರಳು ಒತ್ತುತ್ತ ಸರಿದೆ. ಬೆರಳಿಗೆ ಮಣ್ಣಿನ ಕಣ, ನೊಣದ ರೆಕ್ಕೆ, ಕಾಗದದ ಚೂರು ಅಂಟಿದವು. ಬುತ್ತಿ ತಂದ ಅತ್ತೆ ಬಾಗಿಲಲ್ಲಿ ನಿಂತು ಕೇಳಿದರು. "ಏನ ಬಿತ್ತು?"

"ಅವರ ಮಣಿ."

ಅತ್ತೆ ಬುತ್ತಿ ಕೆಳಗಿಟ್ಟು ಅವರೂ ಕುಳಿತರು. ನೆಲ ಗುಡಿಸಿ, ಕಸವನ್ನು ಸಾಣಿಗೆಯಲ್ಲಿ ಹಾಕಿ ಜಾಲಾಡಿದೆವು. ಅಂಗಡಿಯ ನೆಲಕ್ಕೆ ಫರಸಿ ಕಲ್ಲು ಹಾಸಿದೆ. ಕಲ್ಲುಗಳ ಸಂದಿಯಲ್ಲಿ ಬಿದ್ದಿರಬಹುದೆಂದು ಅತ್ತೆ ಹೊರಗೆ ಹೋಗಿ, ಕಣಕಿ ಹೇರಿದ ಗಾಡಿಯಿಂದ ರಸ್ತೆಗೆ ಬಿದ್ದಿದ್ದ ಒಂದು ಜೋಳದ ದಂಟು ತಂದರು. ಅದರ ಹೊರಸಿಪ್ಪೆಯ ಸಿಬರು ಸೀಳಿ ಸಂದಿ ಕೆದಕತೊಡಗಿದರು. ವರ್ಷಗಟ್ಟಲೆ ಕುಳಿತ ಕೊಳೆ ಎಳೆಯಾಗಿ ಎದ್ದು ಬರುತ್ತಿತ್ತು. ನಾನು ನೋಡುತ್ತ ಕುಳಿತೆ. ಸಿಬರು ಗಟ್ಟಿ ತಾಗಿದ ಕಡೆ ಬಾಗುತ್ತಿತ್ತು, ಬಾಗಿ ಬದಿಗೆ ಸರಿಯುತ್ತಿತ್ತು. ಮೆತ್ತಗಿದ್ದುದನ್ನು ಮಾತ್ರ ತರುತ್ತಿತ್ತು.

"ಅತ್ತಿ, ಅದನ್ನ ಇತ್ಲಾಗ ಕೊಡ್ರಿ."

"ಸಿಕ್ತೇನು?"

"ಇಲ್ರಿ. ಆ ಸಿಬರ ಬೇಕು."

ಬ್ಲೇಡಿನಿಂದ ಸಿಬರನ್ನು ಹೆರೆದು ಹೆರೆದು ಕೂದಲಿನಷ್ಟು ಮಾಡಿದೆ. ಈ ಸಲ ಬಟ್ಟೆ ಕಟ್ಟಿಕೊಂಡೆ. ಅಜ್ಜನ ನಿಬ್ಬನ್ನು ಹಿಡಿದೆ. ಸೀಳಿನ ಹಿಂದಿನಿಂದ ಶುರು ಮಾಡಿ, ಒಂದು ಎಳೆತ, ಒಂದು ಒರೆಸುವುದು, ಒಂದು ಹನಿ ಎಣ್ಣೆ. ಸಿಬರು ಮುರಿಯುತ್ತಿತ್ತು, ಹೊಸದು ಹೆರೆಯುತ್ತಿದ್ದೆ. ಊಟ ತಣ್ಣಗಾಯಿತು. ಕತ್ತು ನೋಯುತ್ತಿತ್ತು. ಇದೇ ಕೆಲಸ ಮರುದಿನವೂ ನಡೆಯಿತು, ಅದರ ಮರುದಿನವೂ. ನಡುವೆ ಒಬ್ಬ ವಕೀಲರು ಬಂದು ತಮ್ಮ ಪೆನ್ನು ಒಯ್ದರು. ಹೊಸ ನಿಬ್ಬು ಹಾಕಿದ್ದು ಅವರಿಗೆ ತಿಳಿಯಲೂ ಇಲ್ಲ.

ಕೊನೆಗೆ ಮಣಿಯ ಬುಡ ಬಂತು. ಅಲ್ಲಿ ಸಿಬರು ಬಾಗಿತು. ಭಿಂಗದಲ್ಲಿ ನೋಡಿದೆ. ಆ ಜಾಗದಲ್ಲಿ ಉಕ್ಕು ಎಷ್ಟು ಉಳಿದಿದೆ, ತುಕ್ಕು ಎಷ್ಟು ಎಂದು ಹೇಳುವಂತಿರಲಿಲ್ಲ. ಎರಡೂ ಸೇರಿಯೇ ಮಣಿಯನ್ನು ಹಿಡಿದುಕೊಂಡಿದ್ದವು. ನಮ್ಮ ಮನೆಯವರ ನಿಬ್ಬಿನಲ್ಲಿ ನಾನು ಇದೇ ಜಾಗದಲ್ಲಿ ಇನ್ನೊಂದಿಷ್ಟು ಅಂದಿದ್ದೆ. ಸಿಬರು ಕೆಳಗಿಟ್ಟೆ. ಇಷ್ಟು ದಿನ ತುಕ್ಕು ಪೂರ್ತಿ ತೆಗೆಯುವುದೇ ಕೆಲಸ ಅಂದುಕೊಂಡಿದ್ದೆ. ಇಲ್ಲಿನದನ್ನು ತೆಗೆಯುವುದಿಲ್ಲ ಎಂದು ತೀರ್ಮಾನ ಮಾಡಿದೆ.

ಶಾಯಿ ಬರುತ್ತದೋ ಇಲ್ಲವೋ ಎನ್ನುವುದೊಂದು ಉಳಿಯಿತು. ಎಣ್ಣೆಯ ಜಿಡ್ಡಿದ್ದರೆ ಶಾಯಿ ಹರಿಯುವುದಿಲ್ಲ, ಸೋಪಿನ ನೀರಿನಲ್ಲಿ ಅದ್ದಿ ತೆಗೆದು, ಕೂಡಲೇ ಒರೆಸಿ, ದೀಪದ ಶಾಖಕ್ಕೆ ಹಿಡಿದೆ. ಬಾಯಿಂದ ಗಾಳಿ ಊದಿ ನೋಡಿದೆ, ಅವರು ಊದುತ್ತಿದ್ದ ಹಾಗೆ ನನಗೆ ಬರಲಿಲ್ಲ. ಕಡ್ಡಿಯ ತುದಿಯಿಂದ ಸೀಳಿನ ಹಿಂದೆ ಒಂದು ಹನಿ ನೀಲಿ ಶಾಯಿ ಇಟ್ಟೆ. ಹನಿ ಸೀಳಿನಲ್ಲಿ ಸರಿಯಿತು. ಬುಡದ ಹತ್ತಿರ ನಿಂತಿತು. ನಾನು ಮುಟ್ಟಲಿಲ್ಲ. ಸ್ವಲ್ಪ ಹೊತ್ತಿಗೆ ಆ ಕಂದು ಜಾಗ ಕಪ್ಪಗಾಯಿತು, ಆಮೇಲೆ ಮಣಿಯ ಮೇಲೆ ನೀಲಿ ಹೊಳೆಯಿತು. ತುಕ್ಕಿನ ಒಳಗಿಂದಲೇ ಶಾಯಿ ದಾರಿ ಮಾಡಿಕೊಂಡಿತ್ತು.

ಅಜ್ಜ, ಆಯಿ ಕುರಿ ಮಾರಲು ಮೂಡಲಗಿಯ ಸಂತೆಗೆ ಬರುವವರಿದ್ದರು. ನಾನೇ ಬಸ್ಸು ಹತ್ತಿ ಮೂಡಲಗಿಗೆ ಹೋದೆ. ಅಂಗಡಿಗೆ ಬನ್ನಿ ಅನ್ನಬಹುದಿತ್ತು. ಆ ಕುರ್ಚಿಯಲ್ಲಿ ಕುಳಿತು ಅದನ್ನು ಕೊಡಲು ನನಗೆ ಮನಸ್ಸಾಗಲಿಲ್ಲ. ಸಂತೆಯ ಅಂಚಿನಲ್ಲಿ ಒಂದು ಬೇವಿನ ಮರದ ಕೆಳಗೆ ಇಬ್ಬರೂ ಕುಳಿತಿದ್ದರು. ಪೆನ್ನು ಕೊಟ್ಟೆ. "ಒತ್ತಬ್ಯಾಡ್ರಿ ಅಜ್ಜಾ. ಮಣಿ ಬುಡದಾಗ ಇನ್ನ ತುಕ್ಕ ಐತಿ, ಬೇಕಂತ ಬಿಟ್ಟೇನಿ. ವಾರಕ್ಕೊಮ್ಮೆ ಶಾಯಿ ಚೆಲ್ಲಿ ತೊಳದು, ಒರಸಿ ಇಡ್ರಿ. ಒದ್ದಿ ಇಡಬ್ಯಾಡ್ರಿ."

ಅಜ್ಜ ಚಿತ್ರದ ಪುಸ್ತಕದ ಹಿಂದಿನ ಪುಟ ತೆರೆದರು. ಪೆನ್ನು ಮಲಗಿಸಿ, ಎಡಗೈಯಿಂದ ತೋಳು ದೂಡಿದರು. ಮೊದಲ ಗೆರೆ ಒಣಗಿಯೇ ಹೋಯಿತು. ಎರಡನೆಯದರಲ್ಲಿ ಶಾಯಿ ಬಂತು. ಸಣ್ಣ ಅಕ್ಷರದಲ್ಲಿ ಒಂದು ಸಾಲು, ಅದರ ಕೆಳಗೆ ಇನ್ನೊಂದು, ಇನ್ನೊಂದು. ನಿಲ್ಲಿಸಲೇ ಇಲ್ಲ.

ಆಯಿಗೆ ತಡೆಯಲಾಗಲಿಲ್ಲ. "ಏನ ಬರದಾರ್ರಿ? ನನಗ ಬೈದಾರೇನು?"

ಓದಿದೆ. "ಟಗರಿಗೆ ನೀರ ಕುಡಿಸಿಲ್ಲ ಮುಂಜಾನಿಂದ. ಸಂತ್ಯಾಗ ಬಳಿ ನೋಡೂದ ಬಿಟ್ಟು ಆ ಕಡೆ ನೋಡಂತ ಹೇಳ್ರಿ. ಇಷ್ಟ ದಿನಾ ಹೇಳಾಕ ಆಗದ ಮಾತ ಉಳದಾವು, ಮನಿಗೆ ಬರಲಿ, ಎಲ್ಲಾ ಬರೀತೇನಿ."

"ಬಂತ್ರಿ ನೋಡ್ರಿ ಬಾಯಿ!" ಎಂದು ಆಯಿ ಎದ್ದು ಟಗರಿನ ಕಡೆ ನಡೆದರು. ಹೋಗುತ್ತ ಸೆರಗಿನಿಂದ ಮುಖ ಒರೆಸಿಕೊಂಡರು.

ಅಜ್ಜ ಹಾಳೆ ತಿರುವಿ ನನಗೆಂದು ಇನ್ನೊಂದು ಸಾಲು ಬರೆದರು. "ಮೊದಲಿನಕಿಂತ ಸ್ವಲ್ಪ ಕರಕರ ಅಂತೈತಿ. ಆದ್ರ ಅವರ ಕೈ ಐತಿ ಇದರಾಗ." ನಾನು ಓದಿ ತಲೆಯಾಡಿಸಿದೆ. ಅವರಿಗೆ ಇನ್ನೊಂದು ನಿಬ್ಬಿನ ಸಂಗತಿ ಹೇಳಲಿಲ್ಲ.

ಗೋಕಾಕದ ಬಸ್ಸಿಗೆ ಬಹಳ ಹೊತ್ತು ನಿಲ್ಲಬೇಕಾಯಿತು. ಕುಳಿತ ಮೇಲೆ ನಿದ್ದೆ ಬಂತು, ಊರು ಬಂದದ್ದು ಕಂಡಕ್ಟರು ಎಬ್ಬಿಸಿದಾಗಲೇ ಗೊತ್ತಾದದ್ದು.

ನಮ್ಮ ಮನೆಯವರ ನಿಬ್ಬನ್ನು ಎಣ್ಣೆ ಒರೆಸಿ ಅವರ ಪೆನ್ನಿಗೇ ಹಾಕಿ ಇಟ್ಟಿದ್ದೇನೆ. ಅದು ಬರೆಯುವುದಿಲ್ಲ. ಅಂಗಡಿ ದಿನಾ ತೆರೆಯುತ್ತೇನೆ, ತೊಳೆಯುವ, ನಿಬ್ಬು ಬದಲಿಸುವ ಕೆಲಸ ಬರುತ್ತದೆ. ಉಜ್ಜುವ ಕೆಲಸ ತಂದವರಿಗೆ ಆಗುವುದಿಲ್ಲ ಎಂದು ಹೇಳಿ ಕಳಿಸುತ್ತೇನೆ. ಬೆಳಿಗ್ಗೆ ಗುಡಿಸಿದ ಕಸವನ್ನು ಚೆಲ್ಲುವ ಮೊದಲು ಒಮ್ಮೆ ಸಾಣಿಗೆಯಲ್ಲಿ ಜಾಲಾಡುತ್ತೇನೆ. ಅತ್ತೆ ಬಂದ ದಿನ ಅವರೇ ಜಾಲಾಡುತ್ತಾರೆ. ಮಣಿಯ ಬಲಹೋಳು ಇನ್ನೂ ಸಿಕ್ಕಿಲ್ಲ.